ವೇಲಯ್ಯನ ಹೆಸರಲ್ಲಿ ಮಾಡಿದ ಆಣೆ

ತಿರುನೆಲ್ವೇಲಿಯಲ್ಲಿ ಟಾಕೀಸಿನ ಎದುರು ಹೂವಿನ ಪೇಚಿಯಮ್ಮ ಬಸ್ಸಿಗೆ ಕಾಯುತ್ತಿದ್ದಳು. ಆಗಷ್ಟೇ ವೇಲಯ್ಯನೆಂಬ ನಾಯಕನ ಸಿನಿಮಾದ ಮೂರನೇ ಭಾಗದ ಆಟ ಬಿಟ್ಟಿತ್ತು. ಅವಳ ಪಕ್ಕಕ್ಕೆ ಬಂದು ನಿಂತ ಗಂಡ ಹೆಂಡತಿ ಮಾತಿಗೆ ಮಾತು ಬೆಳೆಸಿದ್ದರು.

“ಮೊದಲ್ನೇ ಭಾಗದಲ್ಲಿ ನಮ್ಮ ವೇಲಯ್ಯ ಸಾರಾಯಿ ಬಾಟ್ಲಿ ಒಡೆದ. ಅವತ್ತೇ ಅವನ ಕಟೌಟಿಗೆ ಹಾಲೆರೆದು ಆಣೆ ಮಾಡ್ದೆ, ಕುಡಿಯೋದು ಬಿಟ್ಟೆ.”

“ಬಿಟ್ರಿ. ಮನೆ ಉಳೀತು.”

“ಈ ಮೂರನೇ ಭಾಗದಲ್ಲಿ ಅವನೇ ಕುಡ್ದು ಚರಂಡೀಲಿ ಬಿದ್ದವ್ನೆ! ಅವನು ವೇಲಯ್ಯನೇನೇ, ಸುಡಲಿ?”

“ಕಥೆ ಬರೆದೋನ ಕೈ ಸೇದೋಗ! ಅದಕ್ಕೆ ನೀವ್ಯಾಕೆ ಒದ್ದಾಡ್ತೀರಿ?”

“ಆಣೆ ಅವನ ಹೆಸರಲ್ಲಿ ಇತ್ತಲ್ಲೇ. ಈಗ ಅದು ಐತೋ, ಹೋಯ್ತೋ?”

“ಅಯ್ಯೋ, ಮತ್ತೆ ಕುಡೀತೀರಾ?”

“ಕುಡೀತೀನಿ ಅಂತಲ್ಲ ಕಣೇ. ಕುಡೀದೆ ಇರೋದು ಯಾರಿಗೋಸ್ಕರ ಅಂತ ತಿಳೀತಿಲ್ಲ.”

ಪೇಚಿಯಮ್ಮನಿಗೆ ಅವನ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು.

“ಪಕ್ಕದಲ್ಲಿ ಒಬ್ಬಳು ನಿಂತಿದೀನಲ್ರೀ,” ಅಂದಳು ಹೆಂಡತಿ.

ಗಂಡ ಅವಳನ್ನು ಆಗಲೇ ಮೊದಲ ಸಲ ಕಂಡವನಂತೆ ನೋಡಿದ.

“ನಿನ್ನ ಹೆಸರಲ್ಲಿ ಆಣೆನಾ? ಹಂಗೆಲ್ಲ ಮಾಡ್ತಾರಾ?” ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ಬಸ್ಸು ಬಂತು. ಹೆಂಡತಿ ಅವನ ಹೆಗಲ ಮೇಲಿದ್ದ ಟವೆಲನ್ನು ಕಿತ್ತು ಕಿಟಕಿಯೊಳಗೆ ಎಸೆದು, ಇಬ್ಬರಿಗೂ ಸೀಟು ಹಿಡಿದಳು.