ಸವತಿಗೆ ಒಂದು ಮುಚ್ಚಳ ಚಹಾ

ಬಾಗಿಲು ಸರಿಯಾಗಿ ಹಾಕು, ಆಮೇಲೆ ಹೇಳ್ತೀನಿ. ಮೆಲ್ಲಗೆ ಹೇಳ್ತೀನಿ. ತಪೀಸಾ ಪಕ್ಕದ ಮನೇಲೇ ಇದಾಳೆ, ಕೇಳಿಸಿದ್ರೆ ನನ್ನ ಚರ್ಮ ಸುಲೀತಾಳೆ. ನಮ್ಮ ದೊಡ್ಡಮ್ಮನ ಮಗಳು ತಾನೇ, ಅವಳ ಬಾಯಿ ನನಗೆ ಗೊತ್ತಿಲ್ವಾ!

ನಾಲ್ಕು ವರ್ಷದ ಹಿಂದಿನ ನವೆಂಬರ್. ಮಧ್ಯಾಹ್ನ ಮೂರು ಗಂಟೆ, ಅಂದ್ರೆ ನಮ್ಮ ಈ ಉತ್ತರದ ಹಿಮನಾಡಲ್ಲಿ ಆಗಲೇ ಕತ್ತಲು. ತಪೀಸಾಗೆ ಎಂಟು ತಿಂಗಳು ತುಂಬಿತ್ತು. ಅತ್ತೆ ಮನೆಯಿಂದ ಮುನಿಸ್ಕೊಂಡು ತನ್ನ ಮನೆಗೆ ಎದ್ದು ಬಂದಿದ್ಲು, ಒಬ್ಬಳೇ, ಕೆರೆ ದಾರೀಲಿ.

ಮುನಿಸು ಯಾಕೆ ಅಂದ್ರೆ ಅತ್ತೆಗೆ ಕನಸು ಬಿದ್ದಿತ್ತು. "ಕೌಟಾಕ್ ಬಂದಿದ್ಲು ಕಣೇ. ನೀರು ಕೇಳಿದ್ಲು." ಸತ್ತವರು ಕನಸಲ್ಲಿ ನೀರು ಕೇಳಿದ್ರೆ ಏನರ್ಥ ಅಂತ ನಮ್ಮ ಇನುಯಿಟ್ ಮಂದೀಲಿ ಯಾರನ್ನ ಬೇಕಾದ್ರೂ ಕೇಳು. ಹುಟ್ಟೋ ಮಗುವಿಗೆ ನನ್ನ ಹೆಸರಿಡಿ, ನಾನು ವಾಪಸ್ ಬರ್ತೀನಿ ಅಂತ. ಆದ್ರೆ ಈ ಕೌಟಾಕ್ ಯಾರು? ತಪೀಸಾಳ ಗಂಡ ಐಪೀಲಿ ಇದಾನಲ್ಲ, ಅವನ ಮೊದಲನೇ ಹೆಂಡತಿ!

ಹೆಸರು ಯಾರದೋ ಸಂಬಂಧಾನೂ ಅವರದೇ. ನಮ್ಮಪ್ಪನ ಹೆಸರಿಟ್ಟಿರೋ ತಮ್ಮನ ಮಗನ್ನ ನಾನು 'ಅಪ್ಪಾ' ಅಂತ ಕರೆಯಲ್ವಾ? ಅವನೂ ಅಪ್ಪನ ಥರಾನೇ ನನ್ನ ಗದರಿಸ್ತಾನೆ. ಆ ಲೆಕ್ಕದಲ್ಲಿ ಐಪೀಲಿ ತನ್ನ ಮಗಳನ್ನ 'ಹೆಂಡ್ತೀ' ಅಂತ ಕರೀಬೇಕು.

"ಸವತೀನ ನನ್ನ ಹೊಟ್ಟೇಲೇ ಹೊತ್ತು ಹೆರಬೇಕಾ ಅತ್ತೆ?"

"ಹೊಟ್ಟೆಕಿಚ್ಚು ಪಡೋಕೆ ಅವಳು ಬದುಕಿದಾಳೇನೇ?"

"ಬದುಕಿದ್ರೆ ಜಗಳ ಆಡ್ತಿದ್ದೆ. ಸತ್ತೋಳ ಹತ್ರ ಏನ್ ಮಾಡ್ಲಿ?"

ಸುಮ್ನೆ ಅಲ್ಲ ಅವಳ ಹೊಟ್ಟೆ ಉರಿದಿದ್ದು. ಕೌಟಾಕ್ ಸತ್ತಿದ್ದು ಆ ಕೆರೇಲೇ, ಅದಕ್ಕೂ ಮೂರು ವರ್ಷ ಮುಂಚೆ. ಚಹಾಕ್ಕೆ ಮಂಜುಗಡ್ಡೆ ಒಡೆದು ತರೋಕೆ ಹಾರೆ ಹಿಡ್ಕೊಂಡು ಹೋದ್ಲು. ನಮ್ಮ ಅಮ್ಮನ ಕಾಲದಲ್ಲಿ ನವೆಂಬರಿಗೆಲ್ಲಾ ತುಂಬಿದ ಗಾಡೀನ ಕೆರೆ ಗಡ್ಡೆ ಹೊರ್ತಿತ್ತು. ಈಗಿನ ಗಡ್ಡೆ ಒಬ್ಬ ಹೆಂಗಸನ್ನ ಹೊರಲಿಲ್ಲ. ಹೆಣ ಸಿಕ್ತು, ಹಾರೆ ಸಿಗಲಿಲ್ಲ. ಆಮೇಲೆ ತಪೀಸಾ ಬಸುರಿ ಇದ್ದ ಬೇಸಿಗೇಲಿ ದಡದ ಮಣ್ಣೊಳಗಿನ ಗಡ್ಡೆ ಕರಗಿ ದಡಾನೇ ಕುಸೀತು. ಒಂದೇ ರಾತ್ರೀಲಿ ಕೆರೆ ಪೂರ್ತಿ ಸಮುದ್ರಕ್ಕೆ ಹರಿದುಹೋಯ್ತು. ಬೆಳಿಗ್ಗೆ ನೋಡಿದ್ರೆ ಕೆಸರು, ಕೆಸರಲ್ಲಿ ಒದ್ದಾಡೋ ಮೀನು. ಐಪೀಲಿ ಏನ್ ಮಾಡ್ದ? ಮೀನು ಆರಿಸ್ದಾ? ಇಲ್ಲ. ತೊಡೆ ಮಟ್ಟ ಕೆಸರಲ್ಲಿಳಿದು ಹೆಂಡ್ತಿ ಹಾರೆ ಹುಡುಕಿ ತಂದ! ತುಕ್ಕು ಉಜ್ಜಿ ಉಜ್ಜಿ ಮಂಚದ ತಲೆ ಮೇಲೆ ನೇತುಹಾಕ್ದ. ಅವಳ ತುಪ್ಪಳದ ಕೋಟು ಪೆಟ್ಟಿಗೇಲಿ, ಬೀಗದ ಕೈ ಅವನ ಕೊರಳಲ್ಲಿ. ತಪೀಸಾ ಚಳೀಲಿ ನಡುಗಿದ್ರೂ ಆ ಕೋಟು ಕೊಡ್ಲಿಲ್ಲ ಪುಣ್ಯಾತ್ಮ. ನಾನಾಗಿದ್ರೆ ಪೆಟ್ಟಿಗೆಗೆ ಬೆಂಕಿ ಇಡ್ತಿದ್ದೆ.

ಸರಿ, ಆ ದಾರೀಲಿ ಬರ್ತಿದ್ಲು. ಚಂದ್ರ ಇದ್ದ. ಕೆರೆ ಸುತ್ತ ಮೊದಲು ಬರೀ ಪಾಚಿ ಇತ್ತು, ಈಗ ಆಳೆತ್ತರದ ಪೊದೆ. ಸರಸರ… ಸರಸರ… ನಾವು ಚಿಕ್ಕವರಿದ್ದಾಗ ಈ ಸದ್ದೇ ಇರಲಿಲ್ಲ ಇಲ್ಲಿ. ದಾರಿ ಖಾಲಿ ಕೆರೆ ಮಧ್ಯದಲ್ಲೇ ಹಾದುಹೋಗುತ್ತೆ. ಇಳಿದ್ಲು.

ಟಕ್… ಟಕ್… ಟಕ್…

ಗಡ್ಡೆ ಎಷ್ಟು ದಪ್ಪ ಇದೆ ಅಂತ ಹಾರೆಯಿಂದ ಕುಟ್ಟಿ ನೋಡ್ತಾರಲ್ಲ, ಆ ಸದ್ದು. ಕೆಳಗೆ ನೀರಿದ್ದಾಗ ಮಾತ್ರ ಬರುತ್ತೆ ಅದು. ಇಲ್ಲಿ ನೀರೆಲ್ಲಿ? ಒಣ ಮಣ್ಣು.

"ಐಪೀಲೀ?" ಅಂದ್ಲು.

ಟಕ್ ನಿಂತಿತು… ಎದುರಿಗೆ ಒಬ್ಬಳು, ಬೆನ್ನು ತಿರುಗಿಸಿ ನಿಂತಿದಾಳೆ. ಮೈಮೇಲೆ ಅದೇ ಕೋಟು.

"ತಂಗೀ… ನೀರು…"

ಬೇರೆಯವರಾಗಿದ್ರೆ ಎದೆ ಒಡೆದು ಸಾಯ್ತಿದ್ರು. ನಮ್ಮ ತಪೀಸಾಗೆ ಭಯಕ್ಕಿಂತ ಮೊದಲು ಸಿಟ್ಟು ಬಂತಂತೆ. "ಯಾವ ತಂಗಿ? ಗಂಡ ನಿನ್ನವನೇ, ಕೋಟು ನಿನ್ನದೇ, ಈಗ ಮಗೂನೂ ಬೇಕಾ?"

"ನೀರು…" ದಾರಿ ಬಿಡಲ್ಲ.

ಆಗ ಇವಳಿಗೆ ಒಂದು ಕುಯುಕ್ತಿ ಹೊಳೀತು. ನೀರು ಕೊಟ್ರೆ ತಾನೇ ಹೆಸರು ಕೊಟ್ಟ ಹಾಗೆ? ಕಂಕುಳಲ್ಲಿ ಅತ್ತೆ ಚಹಾ ತುಂಬಿಕೊಟ್ಟಿದ್ದ ಅವಳ ಫ್ಲಾಸ್ಕ್ ಇತ್ತು. "ನೀರಿಲ್ಲ. ಚಹಾ ಇದೆ. ಕುಡಿದು ತೊಲಗು!" ಕೆಂಪು ಮುಚ್ಚಳದಲ್ಲಿ ಬಗ್ಗಿಸಿ, ನೆಲದ ಮೇಲಿಟ್ಟು, ಹೊಟ್ಟೆ ಹಿಡ್ಕೊಂಡು ಓಡಿದ್ಲು. ಹಿಂದುಗಡೆ ಒಂದೇ ಸದ್ದು… ಸುರ್ರ್…

ಮಗು ಆ ವಾರಾನೇ ಹುಟ್ತು. ಹೆಣ್ಣು. ತಪೀಸಾ ಹಟ ಮಾಡಿ ತನ್ನ ಅಜ್ಜಿ ಹೆಸರಿಟ್ಲು. ಮಗು ಮೊಲೆಗೆ ಬಾಯೇ ಹಾಕಲಿಲ್ಲ. ಒಂದಿನ… ಎರಡು ದಿನ… ಚಮಚದಲ್ಲಿ ಹಾಕಿದ್ರೂ ಉಗುಳೋದು. ನರ್ಸಮ್ಮ ಆಸ್ಪತ್ರೆ ವಿಮಾನಕ್ಕೆ ಹೇಳಿದ್ಲು. ಸಮುದ್ರ ಹೆಪ್ಪುಗಟ್ಟಿರಲಿಲ್ಲ ನೋಡು, ಅದರ ಆವಿ ಎದ್ದು ಊರ ತುಂಬ ಮಂಜು. ವಿಮಾನ ಇಳೀಲಿಲ್ಲ. ಮೂರನೇ ದಿನ ಮಗುಗೆ ಅಳೋಕೂ ಶಕ್ತಿ ಇಲ್ಲ.

"ನಿಜ ಹೇಳೇ," ಅಂದ್ಲು ಅತ್ತೆ. "ದಾರೀಲಿ ಕೌಟಾಕ್ ಸಿಕ್ಕಿದ್ಲಾ? ಅವಳಿಗೆ ನೀರು ಕೊಟ್ಯಾ?"

"ಇಲ್ಲ ಅತ್ತೆ. ಚಹಾ ಕೊಟ್ಟೆ. ಚಹಾ ನೀರಲ್ವಲ್ಲ!"

ಅತ್ತೆ ಹಣೆ ಚಚ್ಕೊಂಡ್ಲು. "ನಾನು ಆ ಚಹಾ ಯಾವ ನೀರಲ್ಲಿ ಕಾಸಿದ್ದೆ ಅಂದ್ಕೊಂಡೆ? ಆ ಕೆರೆ ಗಡ್ಡೆ ಕಣೇ! ಹೋದ ಚಳಿಗಾಲದಲ್ಲಿ ಕರಗದ ಹಾಗೆ ನೆಲದ ಗುಂಡೀಲಿ ಎತ್ತಿಟ್ಟಿದ್ದ ಕೊನೇ ತುಂಡು!"

ನಾನು ಅಲ್ಲೇ ಇದ್ದೆ. ತಪೀಸಾ ಹಲ್ಲು ಕಚ್ಕೊಂಡು ಮಗು ಕಿವೀಲಿ ಹೇಳಿದ್ಲು. "ಕೌಟಾಕ್."

ಮಗು ಕಣ್ಣು ಬಿಡ್ತು. ಬಾಯಿ ಹಾಕ್ತು. ಸುರ್ರ್… ಸುರ್ರ್…

"ಕುಡಿ ಅಕ್ಕಾ," ಅಂತ ಅತ್ಲು ತಪೀಸಾ. "ಎಲ್ಲಾ ನಿಂದೇ ಆಯ್ತಲ್ಲ. ನನ್ನೂ ಕುಡಿ."

ಐಪೀಲಿ "ಬಂದ್ಯಾ ಹೆಂಡ್ತೀ" ಅಂದ. ಆ ದನಿ… ಅಂಥ ದನೀಲಿ ತಪೀಸಾನ ಒಂದಿನಾನೂ ಕರೆದಿರಲಿಲ್ಲ. ನಾನು ಅವಳ ಮುಖ ನೋಡೋಕಾಗದೆ ಒಲೆ ಕಡೆ ತಿರುಗಿದೆ. ಅವನು ಮಗುಗೆ ಹೊದಿಸೋಣ ಅಂತ ಕೊರಳಿಂದ ಬೀಗದ ಕೈ ಬಿಚ್ಚಿ ಪೆಟ್ಟಿಗೆ ತೆಗೆದ. ಕೋಟು ಎತ್ತಿದ. ಜೇಬಲ್ಲಿ ಏನೋ ತಗಲ್ತು.

ಕೆಂಪು ಮುಚ್ಚಳ. ನಾನೇ ಕೈಯಲ್ಲಿ ಹಿಡಿದು ನೋಡಿದೀನಿ, ಅಂಚಲ್ಲಿ ತಪೀಸಾಳ ಹಲ್ಲಿನ ಗುರುತಿತ್ತು, ಚಿಕ್ಕಂದಿನಿಂದ ಕಚ್ಚೋ ಚಟ ಅವಳಿಗೆ. ಸುಳ್ಳು ಅಂತೀಯಾ? ನಾಳೆ ಹೋಗಿ ನೋಡು. ಆ ಮಗು ಇವತ್ತಿಗೂ ಅದರಲ್ಲಿ ಕೊಟ್ರೆ ಮಾತ್ರ ನೀರು ಕುಡಿಯುತ್ತೆ. ತಪೀಸಾನೇ ಕೊಡಬೇಕು.