ಚೀಲದಲ್ಲಿ ಇಲ್ಲದ ಮದ್ದು

ಈ ವಾರ್ಷಿಕೋತ್ಸವದ ಅಧ್ಯಕ್ಷತೆ ವಹಿಸಿರುವ ನಮ್ಮ ಮುಖ್ಯೋಪಾಧ್ಯಾಯಿನಿ ಪರಿಮಳಾ ಮೇಡಂ ಅವರೇ, ವೇದಿಕೆಯ ಗಣ್ಯರೇ, ನನ್ನ ವ್ಯಾನಿನಲ್ಲಿ ಕಿಟಕಿಗಾಗಿ ಜಗಳಾಡುತ್ತಲೇ ದೊಡ್ಡವರಾದ ಮಕ್ಕಳೇ, ಸಭಿಕರೇ,

‘ಇಪ್ಪತ್ತು ವರ್ಷ ತನ್ನ ತಪ್ಪಿನಿಂದ ಒಂದೂ ಅವಘಡವಾಗದಂತೆ ಶಾಲೆಯ ವ್ಯಾನು ಓಡಿಸಿದ ಮರಿಲಿಂಗಪ್ಪ’ ಎಂದು ಈಗಷ್ಟೇ ಸನ್ಮಾನಪತ್ರ ಓದಿದಿರಿ. ಕೇಳಲು ಬಹಳ ಹಿತವಾಗಿತ್ತು. ಆದರೆ ಅದು ನಿಜವಲ್ಲ. ಹೋದ ವರ್ಷ ದೋರನಹಳ್ಳಿ ತಿರುವಿನಲ್ಲಿ ವ್ಯಾನು ತೊಗರಿ ಹೊಲಕ್ಕಿಳಿಯಿತಲ್ಲ? ‘ಬ್ರೇಕ್ ಹಿಡೀಲಿಲ್ರಿ’ ಎಂದಿದ್ದೆ. ಬ್ರೇಕು ಗಟ್ಟಿಯಾಗೇ ಇತ್ತು. ನನ್ನ ಕಣ್ಣು ಮುಚ್ಚಿತ್ತು. ಮಕ್ಕಳು ಹಸಿ ತೊಗರಿಕಾಯಿ ತಿಂದು ಖುಷಿಪಟ್ಟರು. ನಾನು ಇಂದಿಗೂ ಆ ಹೊಲ ಬಂದರೆ ವ್ಯಾನಿನ ವೇಗ ಇಳಿಸುತ್ತೇನೆ.

ಆಗೆಲ್ಲ ರಾತ್ರಿ ನಿದ್ದೆಯಿಲ್ಲ, ಹಗಲು ತೂಕಡಿಕೆ. ಮದ್ದು ಮಾಡಲಿಲ್ಲವೇ? ಮಾಡಿದೆ. ಸುರಪುರದ ಹಕೀಮರ ಲೇಹ್ಯ, ಯಾದಗಿರಿಯ ಗಸಗಸೆ ಪುಡಿ, ಅಂಗಾಲಿಗೆ ಔಡಲೆಣ್ಣೆ, ದಿಂಬಿನಡಿ ಅಬ್ಬೆತುಮಕೂರು ಮಠದ ವಿಭೂತಿ. ಒಬ್ಬರ ಮದ್ದಿನ ಸುದ್ದಿ ಇನ್ನೊಬ್ಬರಿಗೆ ಹೇಳಲಿಲ್ಲ. ಪಾಪ, ಯಾರ ಮನಸ್ಸೂ ನೋಯಬಾರದಲ್ಲ?

ಹೊಲಕ್ಕಿಳಿದ ಮರುದಿನ ಡಾಕ್ಟರ್ ಫರ್ಹೀನ್ ಅವರ ಬಳಿ ಹೋದೆ. ‘ಕಾಕಾ, ಏನೇನ್ ತಗೋತೀರಿ, ಎಲ್ಲಾ ಒಂದ ಚೀಲದಾಗ ಹಾಕ್ಕೊಂಡ್ ಬರ್ರಿ’ ಎಂದರು. ತಂದು ಮೇಜಿನ ತುಂಬ ಹರವಿದೆ. ಅವರು ನಗಲಿಲ್ಲ, ಒಂದೊಂದನ್ನೂ ಮೂಸಿ ನೋಡಿ ಬರೆದುಕೊಂಡರು. ‘ಎಣ್ಣಿ, ವಿಭೂತಿ ಇರ್ಲಿ. ಈ ಲೇಹ್ಯ ತಿಂದು ಸ್ಟೇರಿಂಗ್ ಹಿಡೀಬ್ಯಾಡ್ರಿ.’ ಆಮೇಲೆ ಜೊತೆಗೆ ಬಂದಿದ್ದ ನನ್ನ ಹೆಂಡತಿ ಸುಂದ್ರಮ್ಮನತ್ತ ತಿರುಗಿದರು. ‘ಕಾಕಿ, ಇವ್ರು ಹೆಂಗ ಮಲಗ್ತಾರ?’

‘ಗೊರಕಿ ಹೊಡೀತಾರ್ರಿ. ನಡುನಡುವ ಉಸುರ ನಿಂತಬಿಡ್ತದ. ಭುಜ ಅಲಗಾಡಿಸಿದ್ರ ಮತ್ತ ಬರ್ತದ.’

‘ಯಾವಾಗಿಂದ ಎಬ್ಬಸಾಕತ್ತೀರಿ?’

‘ಹನ್ನೊಂದ ವರ್ಷ ಆಯ್ತ್ರಿ.’

‘ನನಗ ಯಾಕ ಹೇಳ್ಲಿಲ್ಲ?’ ಎಂದೆ ನಾನು.

‘ಹೇಳಿದ್ನಲ್ಲ. ನಾ ಗೊರಕೀನ ಹೊಡ್ಯಂಗಿಲ್ಲ ಅಂತ ಎರಡ ದಿನ ಮಾತ ಬಿಟ್ರಿ.’

ಸಭಿಕರೇ, ಹನ್ನೊಂದು ವರ್ಷ! ದಿನವೂ ಜೀವಂತ ಏಳುತ್ತಿದ್ದೆ. ಅದರ ಕೀರ್ತಿಯನ್ನು ಎಣ್ಣೆಗೂ ಲೇಹ್ಯಕ್ಕೂ ಹಂಚುತ್ತಿದ್ದೆ. ನಿದ್ದೆಯಿಲ್ಲವೆಂದು ಊರೆಲ್ಲ ಗೋಳಾಡಿದವನು ನಾನು. ನಿದ್ದೆಗೆಟ್ಟವಳು ಪಕ್ಕದಲ್ಲೇ ಇದ್ದಳು. ಆ ಕೈಯ ಚಿಕಿತ್ಸೆಗೆ ಯಾವ ವೈದ್ಯಶಾಸ್ತ್ರದಲ್ಲಿ ಹೆಸರಿದೆ?

ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆಯಂತೆ. ಈಗ ಮೂಗಿಗೆ ಗಾಳಿಯೂದುವ ಯಂತ್ರ ಕಟ್ಟಿಕೊಂಡು ಮಲಗುತ್ತೇನೆ. ಡಾಕ್ಟರು ಒಪ್ಪುವ ತನಕ, ಬೆನ್ನುನೋವೆಂದು ನಿಮಗೆ ಇನ್ನೊಂದು ಸುಳ್ಳು ಹೇಳಿ, ಎರಡು ತಿಂಗಳು ವ್ಯಾನು ಮುಟ್ಟಲಿಲ್ಲ. ಸನ್ಮಾನಪತ್ರವನ್ನೂ ವ್ಯಾನಿನ ಕೀಲಿಯನ್ನೂ ಈ ಮೇಜಿನ ಮೇಲಿಡುತ್ತೇನೆ. ಮರಳಿ ಕೊಡುವುದೂ ಬಿಡುವುದೂ ಮೇಡಂ ಅವರಿಗೆ ಸೇರಿದ್ದು.

ಇಷ್ಟು ಕೇಳಿದ್ದಕ್ಕೆ ನಿಮಗೆಲ್ಲ ವಂದನೆ. ದಯವಿಟ್ಟು ಯಾರೂ ಚಪ್ಪಾಳೆ ತಟ್ಟಬೇಡಿ. ಮೂರನೇ ಸಾಲಿನಲ್ಲಿ, ಗೋಡೆಗೊರಗಿ, ಸುಂದ್ರಮ್ಮ ನಿದ್ದೆ ಹೋಗಿದ್ದಾಳೆ.

ಮೆಲ್ಲಗೆ, ನಮಸ್ಕಾರ.