ನಾಲ್ಕು ಮಿಲಿಮೀಟರ್ ದಪ್ಪ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯ ವೈದ್ಯರೇ, ಮೂವತ್ತೊಂದು ವರ್ಷ ನನ್ನ ಸಿಡುಕನ್ನು ಸಹಿಸಿಕೊಂಡ ಪ್ರಯೋಗಾಲಯದ ಗೆಳೆಯರೇ, ಭಾಷಣ ಮುಗಿದರೆ ಕಾಫಿ ಎಂದು ಕಾದಿರುವ ಸಭಿಕರೇ,

ಇಲ್ಲಿ ಎಲ್ಲರೂ ನನ್ನನ್ನು ಅಕ್ಕ ಎನ್ನುತ್ತೀರಿ. ಇಪ್ಪತ್ತು ಪ್ಲೇಟಿಗಾಗುವ ಅಗರ್‌ನಲ್ಲಿ ಅಕ್ಕ ಇಪ್ಪತ್ತೈದು ಪ್ಲೇಟು ಹೊಯ್ಯುತ್ತಾರೆ ಎಂದು ಅಧ್ಯಕ್ಷರು ಈಗತಾನೇ ಹೊಗಳಿದರು. ನೀವು ಚಪ್ಪಾಳೆ ತಟ್ಟಿದಿರಿ. ನಾನೂ ನಕ್ಕೆ. ನಗಬಾರದಿತ್ತು.

ತಿಳಿಯದವರಿಗಾಗಿ ಹೇಳುತ್ತೇನೆ. ರೋಗಿಯ ರಕ್ತದಲ್ಲಿ ಸಿಕ್ಕ ಬ್ಯಾಕ್ಟೀರಿಯಾವನ್ನು, ಪ್ಲೇಟಿಗೆ ಹೊಯ್ದು ಹೆಪ್ಪುಗಟ್ಟಿಸಿದ ಅಗರ್ ಎಂಬ ಲೋಳೆಯ ಮೇಲೆ ಹರಡಿ, ಆಂಟಿಬಯೋಟಿಕ್ ಹೀರಿದ ಪುಟ್ಟ ಬಿಲ್ಲೆಗಳನ್ನು ಇಡುತ್ತೇವೆ. ಮರುದಿನ ಬಿಲ್ಲೆಯ ಸುತ್ತ ಏನೂ ಬೆಳೆಯದ ಜಾಗ ಅಗಲವಾಗಿದ್ದರೆ ಔಷಧ ನಾಟುತ್ತದೆ, ಕಿರಿದಾಗಿದ್ದರೆ ಇಲ್ಲ. ಆದರೆ ಅಗರ್ ನಾಲ್ಕು ಮಿಲಿಮೀಟರ್ ದಪ್ಪ ಇರಬೇಕು. ತೆಳುವಾದರೆ ಔಷಧ ಪಕ್ಕಕ್ಕೆ ಹರಡಿ, ಆ ಜಾಗ ಸುಳ್ಳೇ ಅಗಲವಾಗುತ್ತದೆ. ಸೋತ ಔಷಧ ಗೆದ್ದಂತೆ ಕಾಣುತ್ತದೆ.

ನನಗಿದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಸಾಮಾನು ತಡವಾಗಿ ಬರುತ್ತಿತ್ತು. 'ಹೇಗೋ ಸರಿದೂಗಿಸಿ ಅಕ್ಕಾ' ಎನ್ನುತ್ತಿದ್ದರು ಆಗಿನ ಮುಖ್ಯಸ್ಥರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ನಾನು ಹಾಸಿಗೆಯನ್ನೇ ಎಳೆದು ಉದ್ದ ಮಾಡಿದೆ. ನಮ್ಮ ಕೆಲಸ ಸರಿಯಿದೆಯೇ ಎಂದು ನೋಡುವ ವಾರದ ತಪಾಸಣೆಗೆ ಮಾತ್ರ ಒಂದು ದಪ್ಪ ಪ್ಲೇಟು ಎತ್ತಿಡುತ್ತಿದ್ದೆ. ಪ್ರತಿ ವಾರವೂ ಪಾಸಾದೆವು.

ಮುಂದಿನದು ನಾನು ಬರೆದು ತಂದ ಭಾಷಣದಲ್ಲಿಲ್ಲ. ನನಗೊಬ್ಬ ತಮ್ಮನಿದ್ದ. ಒಂಬತ್ತು ವರ್ಷದ ಹಿಂದೆ ಮೂತ್ರಪಿಂಡದ ಸೋಂಕು ರಕ್ತಕ್ಕೇರಿ ಇದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಮಲಗಿದ್ದ. ಅವನ ಪ್ಲೇಟನ್ನು ನಾನೇ ಹೊಯ್ದೆ, ನಾನೇ ಅಳೆದೆ, ಔಷಧ ನಾಟುತ್ತದೆ ಎಂದು ನಾನೇ ಬರೆದೆ. ಎರಡು ದಿನವಾದರೂ ಜ್ವರ ಇಳಿಯಲಿಲ್ಲ. ಔಷಧ ಬದಲಿಸೋಣವೇ ಎಂದರು ವೈದ್ಯರು. 'ಬೇಡ ಡಾಕ್ಟ್ರೇ, ನಮ್ಮಕ್ಕ ನೋಡಿ ಬರೆದಿದ್ದು. ಅವಳು ತಪ್ಪೋಳಲ್ಲ' ಎಂದ ಅವನು. ನಾನು ಮಂಚದ ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ನಾಲ್ಕನೇ ದಿನ ಅವನು ಹೋದ. ಕೆಲಸಕ್ಕೆ ಮರಳಿದವಳು, ಎತ್ತಿಟ್ಟಿದ್ದ ಅವನ ಬ್ಯಾಕ್ಟೀರಿಯಾವನ್ನು ದಪ್ಪ ಪ್ಲೇಟಿನಲ್ಲಿ ಹಾಕಿ ನೋಡಿದೆ. ಬಿಲ್ಲೆಯ ಸುತ್ತಲಿನ ಖಾಲಿ ಜಾಗ ಐದು ಮಿಲಿಮೀಟರ್ ಕುಗ್ಗಿತ್ತು. ಆ ಔಷಧ ಅವನಿಗೆ ನಾಟುವಂತೆಯೇ ಇರಲಿಲ್ಲ. ಪಕ್ಕದ ಬಿಲ್ಲೆಯದು ನಾಟುತ್ತಿತ್ತು. ಯಾರಿಗೂ ಹೇಳದೆ ಪ್ಲೇಟನ್ನು ಕುದಿಸಿ ತೊಳೆದಿಟ್ಟೆ.

ಆಮೇಲಾದರೂ ಬದಲಾದೆನೇ? ಒಂದು ತಿಂಗಳು ಬದಲಾದೆ. ಮತ್ತೆ ಸಾಮಾನು ತಡವಾಯಿತು.

ಇವತ್ತಿನ ಹದಿನಾಲ್ಕು ರಿಪೋರ್ಟುಗಳು ನನ್ನ ಮೇಜಿನ ಮೇಲಿವೆ. ಎಲ್ಲವೂ ತೆಳು ಪ್ಲೇಟಿನವು. ಸಹಿ ಹಾಕಲು ಕೈ ಬರಲಿಲ್ಲ. ಅವನ್ನು ಹರಿದುಹಾಕಿ, ಹೊಸದಾಗಿ ಹೊಯ್ಯಿರಿ, ದಪ್ಪವನ್ನು ಅಳೆಯಿರಿ. ಅಧ್ಯಕ್ಷರೇ, ಸನ್ಮಾನ ಪತ್ರದಲ್ಲಿ ಆ ಇಪ್ಪತ್ತೈದು ಪ್ಲೇಟಿನ ಸಾಲಿದ್ದರೆ ದಯವಿಟ್ಟು ಓದಬೇಡಿ.

ಇಷ್ಟು ಹೊತ್ತು ಕೇಳಿದ್ದಕ್ಕೆ ಕೃತಜ್ಞಳಾಗಿದ್ದೇನೆ. ಚಪ್ಪಾಳೆ ಬೇಡ. ಯಾರಾದರೂ ಒಬ್ಬರು ಎದ್ದು ಹೋಗಿ, ನನ್ನ ರಿಪೋರ್ಟು ನಂಬಬೇಡಿ ಎಂದು ವಾರ್ಡಿಗೆ ಫೋನ್ ಮಾಡಿ. ಅಲ್ಲಿ ಹದಿನಾಲ್ಕು ಜನ ನನ್ನನ್ನು ನಂಬಿ ಮಲಗಿದ್ದಾರೆ. ನಮಸ್ಕಾರ.